ಮಾಡಿದವರೂ ಕೊಂಡವರೂ

ಕೊರಿಯಾದ ಉತ್ತರ ಭಾಗದಲ್ಲಿ, ಈಗ ಗಡಿಯ ಆಚೆಗೆ ಬಿದ್ದಿರುವ ತೊಂಗ್‌ಚನ್ ಸೀಮೆಯ ಒಂದು ಹಳ್ಳಿಯಲ್ಲಿ, 1915ರಲ್ಲಿ ಬಡ ರೈತನೊಬ್ಬನಿಗೆ ಹಿರಿಯ ಮಗ ಹುಟ್ಟಿದ. ಹೆಸರು ಚುಂಗ್ ಜು-ಯಂಗ್. ಹೊಲದ ದುಡಿಮೆ ಹುಡುಗನಿಗೆ ಹಿಡಿಸಲಿಲ್ಲ. ಮನೆ ಬಿಟ್ಟು ಓಡಿದ. ತಂದೆ ಹಿಡಿದು ತಂದ. ಮತ್ತೆ ಓಡಿದ, ಮತ್ತೆ ಸಿಕ್ಕಿಬಿದ್ದ. ಒಂದು ಸಲವಂತೂ ತಂದೆ ಹಸು ಮಾರಿ ತಂದಿಟ್ಟಿದ್ದ ಎಪ್ಪತ್ತು ವೊನ್ ಹಣವನ್ನೇ ಎತ್ತಿಕೊಂಡು ಸಿಯೋಲ್ ಪಟ್ಟಣಕ್ಕೆ ಹೊರಟುಬಿಟ್ಟ. ಅರವತ್ತೈದು ವರ್ಷಗಳ ಬಳಿಕ, 1998ರಲ್ಲಿ, ಎಂಬತ್ತೆರಡರ ಮುದುಕನಾದ ಅದೇ ಚುಂಗ್, ಎರಡು ಕೊರಿಯಾಗಳ ನಡುವಿನ ಗಡಿಯನ್ನು ಲಾರಿಗಳ ಸಾಲಿನೊಡನೆ ದಾಟಿದ. ಲಾರಿಗಳಲ್ಲಿದ್ದದ್ದು ದನಗಳು: ಜೂನ್ ತಿಂಗಳಲ್ಲಿ ಐನೂರು, ಅಕ್ಟೋಬರಿನಲ್ಲಿ ಐನೂರ ಒಂದು. ಒಂದು ಅಸಲು, ಸಾವಿರ ಬಡ್ಡಿ.

ಹ್ಯುಂಡೈ ಎಂಬ ಕಂಪೆನಿಯನ್ನು ಕಟ್ಟಿದವನು ಈತನೇ. ಹಸುವಿನ ಸಾಲವನ್ನು ಆತ ತೀರಿಸಿದ ಬಗೆ ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ಅವನ ಕಂಪೆನಿಗೆ ಇನ್ನೊಂದು ಸಾಲವಿತ್ತು. ಅದು ಕಾರು ಕೊಂಡವರ ನಂಬಿಕೆಯ ಸಾಲ. ಕಾರಖಾನೆಯ ಇತಿಹಾಸಗಳಲ್ಲಿ ಮಾಡಿದವರ ಹೆಸರುಗಳೇ ತುಂಬಿರುತ್ತವೆ. ಕೊಂಡವರ ಹೆಸರು ಎಲ್ಲಿಯೂ ಕಾಣುವುದಿಲ್ಲ. ಆದರೂ ಒಂದು ಕಾರಿನ ಹಣೆಬರಹವನ್ನು ಬರೆಯುವವರು ಈ ಇಬ್ಬರೂ ಸೇರಿ. ಹ್ಯುಂಡೈಯ ಕಥೆಯಲ್ಲಿ ಈ ಮಾತು ಎದ್ದು ಕಾಣುವಷ್ಟು ಬೇರೆಲ್ಲಿಯೂ ಕಾಣದೆಂದು ತೋರುತ್ತದೆ.

ಚುಂಗ್ ಸಿಯೋಲಿನಲ್ಲಿ ಮೊದಲು ಅಕ್ಕಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತ. ನಂಬಿಗಸ್ತನಾದ ಆಳಿಗೆ ಯಜಮಾನ ವ್ಯಾಪಾರವನ್ನೇ ಬಿಟ್ಟುಕೊಟ್ಟ. ಜಪಾನೀಯರ ಆಳ್ವಿಕೆಯ ಕಾಲ. 1939ರಲ್ಲಿ ಸರಕಾರ ಅಕ್ಕಿಗೆ ಪಡಿತರದ ಕಟ್ಟು ಹಾಕಿದಾಗ ಅಂಗಡಿ ಮುಚ್ಚಿತು. ಮರುವರ್ಷ ಆತ ಸಾಲ ಮಾಡಿ ಒಂದು ಮೋಟಾರು ದುರಸ್ತಿಯ ಗ್ಯಾರೇಜನ್ನು ಹಿಡಿದ. ಕೆಲವೇ ವಾರಗಳಲ್ಲಿ ಅದು ಬೆಂಕಿಗೆ ಆಹುತಿಯಾಯಿತು, ಗಿರಾಕಿಗಳ ಕಾರುಗಳ ಸಮೇತ. ಸಾಲ ಕೊಟ್ಟವನ ಬಳಿಗೇ ಹೋಗಿ ಮತ್ತೆ ಸಾಲ ಕೇಳಿದ, ಸಿಕ್ಕಿತು. ಆ ಕಾಲದ ಗ್ಯಾರೇಜುಗಳವರು ಸಣ್ಣ ರೋಗವನ್ನು ದೊಡ್ಡದು ಮಾಡಿ ಹೇಳಿ, ಗಾಡಿಯನ್ನು ಬಹುದಿನ ನಿಲ್ಲಿಸಿಕೊಂಡು ಹಣ ಕೀಳುತ್ತಿದ್ದರಂತೆ. ಚುಂಗ್ ಇದಕ್ಕೆ ತದ್ವಿರುದ್ಧವಾಗಿ ನಡೆದ. ಬೇಗ ಮಾಡಿಕೊಟ್ಟು, ಆ ಬೇಗಕ್ಕೆ ಹೆಚ್ಚು ಹಣ ಕೇಳಿದ. ಕಾರಿನ ಒಡೆಯನಿಗೆ ಬೇಕಾದದ್ದು ಅಗ್ಗದ ದುರಸ್ತಿಯಲ್ಲ, ನಾಳೆ ಬೆಳಗ್ಗೆ ಹೊರಡುವ ಕಾರು ಎಂಬ ಗುಟ್ಟು ಅವನಿಗೆ ಆಗಲೇ ತಿಳಿದಿತ್ತು. ಈ ಗುಟ್ಟನ್ನು ಅವನ ಕಂಪೆನಿ ನಡುವೆ ಮರೆತದ್ದೂ, ಬಹಳ ಬೆಲೆ ತೆತ್ತು ಮತ್ತೆ ನೆನೆದದ್ದೂ ಮುಂದಿನ ಕಥೆ.

1946ರಲ್ಲಿ, ದೇಶ ಸ್ವತಂತ್ರವಾದ ಮೇಲೆ, ಸಿಯೋಲಿನಲ್ಲಿ ಹೊಸ ದುರಸ್ತಿ ಅಂಗಡಿ ತೆರೆದು ಅದಕ್ಕೆ ಹ್ಯುಂಡೈ ಎಂದು ಹೆಸರಿಟ್ಟ. ಕೊರಿಯಾದ ಭಾಷೆಯಲ್ಲಿ ಆ ಮಾತಿಗೆ ‘ಆಧುನಿಕ’ ಎಂದರ್ಥ. ಮರುವರ್ಷ ಕಟ್ಟಡ ಕಟ್ಟುವ ಕಂತ್ರಾಟಿಗೆ ಇಳಿದ. ಯುದ್ಧ ಬಂದು ದೇಶ ಹಾಳಾಯಿತು. ಹಾಳಾದದ್ದನ್ನು ಕಟ್ಟುವ ಕೆಲಸ ಹ್ಯುಂಡೈಗೆ ಬಂತು. ಸಿಯೋಲಿನಿಂದ ಪೂಸಾನಿನವರೆಗೆ 428 ಕಿಲೋಮೀಟರು ಉದ್ದದ ಹೆದ್ದಾರಿ 1970ರಲ್ಲಿ ಮುಗಿದಾಗ ಅದರ ಒಂದು ದೊಡ್ಡ ಭಾಗದ ಹೊಣೆ ಹೊತ್ತಿದ್ದದ್ದು ಈ ಕಂಪೆನಿಯೇ. ರಸ್ತೆ ಮಾಡಿದವರಿಗೆ ಅದರ ಮೇಲೆ ಓಡುವುದನ್ನೂ ಮಾಡೋಣವೆನ್ನಿಸಿದ್ದು ಸಹಜ. 1967ರ ಡಿಸೆಂಬರಿನಲ್ಲಿ ಹ್ಯುಂಡೈ ಮೋಟಾರು ಕಂಪೆನಿ ಹುಟ್ಟಿತು. ಅದರ ಆಡಳಿತ ತಮ್ಮ ಚುಂಗ್ ಸೆ-ಯಂಗನ ಪಾಲಿಗೆ ಬಂತು.

ಮೊದಲ ಕಾರು ಸ್ವಂತದ್ದಲ್ಲ. ಫೋರ್ಡ್ ಕಂಪೆನಿಯ ಇಂಗ್ಲೆಂಡಿನ ಶಾಖೆಯ ಕೋರ್ಟಿನಾ ಕಾರಿನ ಬಿಡಿಭಾಗಗಳನ್ನು ತರಿಸಿ, ಉಲ್ಸಾನ್ ಎಂಬ ಕಡಲತೀರದ ಊರಿನಲ್ಲಿ 1968ರಿಂದ ಜೋಡಿಸತೊಡಗಿದರು. ಕೋರ್ಟಿನಾ ಹುಟ್ಟಿದ್ದು ಇಂಗ್ಲೆಂಡಿನ ನುಣುಪಾದ ಡಾಂಬರು ದಾರಿಗೆ. ಕೊರಿಯಾದ ಕಲ್ಲುಮಣ್ಣಿನ ದಾರಿಯಲ್ಲಿ ಹಗಲಿರುಳೂ ಬಾಡಿಗೆ ಹೊಡೆಯುವ ಟ್ಯಾಕ್ಸಿಯಾಗಿ ಅದು ಬಾಳಲಿಲ್ಲ. ಸಾಲ ಮಾಡಿ ಕೊಂಡಿದ್ದ ಟ್ಯಾಕ್ಸಿಯವರು ಕಂಪೆನಿಯ ಮೇಲೆ ತಿರುಗಿಬಿದ್ದರು. ಹ್ಯುಂಡೈ ಕಾರಿನ ಬಗೆಗೆ ಒಡೆಯರು ಕೊಟ್ಟ ಮೊತ್ತಮೊದಲ ತೀರ್ಪು ಇದು, ಅನುಕೂಲವಾದದ್ದಲ್ಲ. ಫೋರ್ಡಿನೊಡನೆ ಪಾಲುಗಾರಿಕೆಯ ಮಾತುಕತೆ 1973ರಲ್ಲಿ ಮುರಿಯಿತು. ಕೊರಿಯಾದ ಮಾರುಕಟ್ಟೆಗೆ ಬೇಕಾದಷ್ಟು ಜೋಡಿಸಿಕೊಂಡಿರಿ, ಹೊರದೇಶಕ್ಕೆ ಮಾರುವ ಆಸೆ ನಿಮಗೇಕೆ ಎಂಬುದು ದೊಡ್ಡವರ ಧೋರಣೆ. ‘ಬಡವಾ, ನೀ ಮಡಗಿದ ಹಾಗಿರು’ ಎಂದಂತಾಯಿತು.

ಬಡವ ಮಡಗಿದ ಹಾಗೆ ಇರಲಿಲ್ಲ. ಅಧ್ಯಕ್ಷ ಪಾರ್ಕ್ ಚುಂಗ್-ಹೀಯ ಸರಕಾರವೂ ಕೊರಿಯಾದವರದೇ ಆದ ಕಾರು ಬೇಕೆಂದು ಹಟ ಹಿಡಿದಿತ್ತು. ಬ್ರಿಟಿಷ್ ಲೇಲ್ಯಾಂಡ್ ಕಂಪೆನಿಯನ್ನು ಬಿಟ್ಟಿದ್ದ ಜಾರ್ಜ್ ಟರ್ನ್‌ಬುಲ್ ಎಂಬ ಇಂಗ್ಲಿಷ್ ಆಡಳಿತಗಾರನನ್ನು 1974ರಲ್ಲಿ ಸಂಬಳಕ್ಕೆ ಕರೆತಂದರು. ಆಕಾರ ಬರೆಯಲು ಇಟಲಿಯ ಜಿಯೋರ್ಜೆಟ್ಟೋ ಜುಜಾರೋ. ಎಂಜಿನು ಕೊಡಲು ಜಪಾನಿನ ಮಿತ್ಸುಬಿಶಿ. ಅದೇ ವರ್ಷ ಇಟಲಿಯ ತೂರಿನ್ ಪ್ರದರ್ಶನದಲ್ಲಿ ‘ಪೋನಿ’ ಎಂಬ ಪುಟ್ಟ ಕಾರನ್ನು ಇಟ್ಟೂಬಿಟ್ಟರು. ಆಗ ಅದನ್ನು ತಯಾರಿಸುವ ಕಾರಖಾನೆ ಇನ್ನೂ ಎದ್ದು ನಿಂತಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದನ್ನು ನಾವು ನಗೆಯಾಡುತ್ತೇವೆ. ಇಲ್ಲಿ ಕುಲಾವಿಗೆ ತಕ್ಕ ಕೂಸು ಹುಟ್ಟಿತು. 1975ರ ಕೊನೆಗೆ ತಯಾರಿ ಮೊದಲಾಗಿ, 1976ರ ಒಂದೇ ವರ್ಷದಲ್ಲಿ ಕೊರಿಯಾದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪೋನಿಗಳು ಮಾರಿಹೋದವು. ಅದೇ ವರ್ಷ ಐದು ಪೋನಿಗಳು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಹಡಗು ಹತ್ತಿದವು. ಆ ದೇಶದಲ್ಲಿ ಟ್ಯಾಕ್ಸಿಯಾಗಿ ಹದಿನೈದು ಲಕ್ಷ ಕಿಲೋಮೀಟರು ಓಡಿದ ಒಂದು ಪೋನಿಯನ್ನು ಕಂಪೆನಿಯವರು 1996ರಲ್ಲಿ ಮರಳಿ ತವರಿಗೆ ತಂದರು.

ತವರಿನ ಜನ ಪೋನಿಯನ್ನು ಮೆಚ್ಚಿ ಕೊಂಡರು ನಿಜ. ಆದರೆ ಬೇರೆ ದಾರಿ ಅವರಿಗೆ ಹೆಚ್ಚಾಗಿ ಇರಲಿಲ್ಲವೆಂಬುದೂ ನಿಜ. 1987ರವರೆಗೆ ಹೊರದೇಶದ ಕಾರುಗಳಿಗೆ ಕೊರಿಯಾದ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಆಯ್ಕೆಯಿಲ್ಲದವನ ದೂರಿಗೆ ಮಾಡುವವನ ಕಿವಿ ಮಂದ. ಅಂಥವನಿಗೆ ಉಳಿಯುವುದು ನಗೆಯೊಂದೇ. 1985ರಲ್ಲಿ ಹ್ಯುಂಡೈ ‘ಸೊನಾಟಾ’ ಎಂಬ ದೊಡ್ಡ ಕಾರನ್ನು ತಂದಿತು. ಕೊರಿಯಾದ ಭಾಷೆಯಲ್ಲಿ ‘ಸೊ’ ಎಂದರೆ ದನ, ‘ತಾ’ ಎಂಬುದು ಏರುವ ಕ್ರಿಯೆ. ‘ದನಗಳು ಏರಿ ಕೂರುವ ಕಾರು’ ಎಂದು ಜನ ಹಾಸ್ಯ ಮಾಡಿದರು. ಕಂಪೆನಿಯವರು ಹೆಸರಿನ ಮೊದಲ ಅಕ್ಷರವನ್ನು ಒತ್ತಿ ಉಚ್ಚರಿಸುವಂತೆ ತಿದ್ದಿ ಬರೆದುಕೊಂಡರು. ಹಸು ಮಾರಿದ ಹಣದಿಂದ ಮೊದಲಾದ ಮನೆತನವನ್ನು ದನ ಇಲ್ಲಿಯೂ ಬಿಡಲಿಲ್ಲ!

ನಿಜವಾದ ಪರೀಕ್ಷೆ ಕಾದಿದ್ದದ್ದು ಆಯ್ಕೆಯ ಅರಸರಾದ ಅಮೆರಿಕದ ಗಿರಾಕಿಗಳ ಬಳಿ. 1984ರಲ್ಲಿ ಕೆನಡಾದಲ್ಲಿ ಪೋನಿ ನಿರೀಕ್ಷೆಗೆ ಮೀರಿ ಮಾರಾಟವಾಗಿ ಧೈರ್ಯ ಕೊಟ್ಟಿತ್ತು. 1986ರಲ್ಲಿ ‘ಎಕ್ಸೆಲ್’ ಎಂಬ ಕಾರು ಅಮೆರಿಕದ ನೆಲಕ್ಕೆ ಇಳಿಯಿತು. ಬೆಲೆ 4,995 ಡಾಲರು. ಹಳೆಯ ಕಾರನ್ನು ಕೊಳ್ಳುವ ಹಣಕ್ಕೆ ಹೊಚ್ಚಹೊಸ ಕಾರು! ಮೊದಲ ವರ್ಷವೇ 1,68,882 ಕಾರುಗಳು ಹೋದವು. ಹೊರಗಿನಿಂದ ಬಂದ ಯಾವ ಕಂಪೆನಿಯೂ ಮೊದಲ ವರ್ಷದಲ್ಲಿ ಅಷ್ಟು ಮಾರಿರಲಿಲ್ಲ. ಮರುವರ್ಷ ಎರಡೂವರೆ ಲಕ್ಷವನ್ನು ದಾಟಿತು. ಉಲ್ಸಾನಿನಲ್ಲಿ ಹಬ್ಬ.

ಹಬ್ಬ ಬಹಳ ದಿನ ನಡೆಯಲಿಲ್ಲ. ಅಗ್ಗದ ಕಾರನ್ನು ಮೊದಲ ಸಲ ಕೊಳ್ಳುವವನು ಸಾಮಾನ್ಯವಾಗಿ ಬಡವ. ಕಾರು ಕೆಟ್ಟರೆ ದುರಸ್ತಿಗೆ ಹಣವಿಲ್ಲದವನು, ಮನೆಯಲ್ಲಿ ಎರಡನೆಯ ಕಾರು ಇಲ್ಲದವನು. ಎಕ್ಸೆಲ್ ಕೆಡುತ್ತಿತ್ತು. ತುಕ್ಕು ಹಿಡಿಯಿತು, ಬಿಡಿಭಾಗಗಳು ಅಕಾಲದಲ್ಲಿ ಸವೆದವು. ಮಾರಲು ಹೋದರೆ ಕೇಳುವವರಿಲ್ಲ. ಮೋಸಹೋದೆನೆಂದುಕೊಂಡ ಒಬ್ಬ ಒಡೆಯ ಹತ್ತು ಜನಕ್ಕೆ ಹೇಳುತ್ತಾನೆ. ಕಂಪೆನಿಯ ಜಾಹೀರಾತು ಒಂದು ದಿನದ್ದು. ಒಡೆಯನ ಬಾಯಿಮಾತು ಹತ್ತು ವರ್ಷದ್ದು. ಕೆನಡಾದಲ್ಲಿ 1989ರಲ್ಲಿ ತೆರೆದಿದ್ದ ಕಾರಖಾನೆಯನ್ನು 1993ರಲ್ಲಿ ಮುಚ್ಚಬೇಕಾಯಿತು. 1998ರ ಹೊತ್ತಿಗೆ ಅಮೆರಿಕದ ಮಾರಾಟ ತೊಂಬತ್ತು ಸಾವಿರಕ್ಕೆ ಕುಸಿದಿತ್ತು. ಅಂತರಿಕ್ಷಕ್ಕೆ ಹೊರಟವರನ್ನು ಹೆದರಿಸಬೇಕಾದರೆ ಅವರ ನೌಕೆಯ ಫಲಕದ ಮೇಲೆ ಹ್ಯುಂಡೈಯ ಚಿಹ್ನೆಯನ್ನು ಅಂಟಿಸಿದರೆ ಸಾಕು ಎಂದು ದೂರದರ್ಶನದ ವಿದೂಷಕನೊಬ್ಬ ನಗಿಸಿದ. ದೇಶವೇ ನಕ್ಕಿತು. ಕಂಪೆನಿಯೊಂದಕ್ಕೆ ಇದಕ್ಕಿಂತ ದೊಡ್ಡ ದಂಡ ಬೇಕೆ?

ಇಷ್ಟರಲ್ಲಿ ಕಾರಖಾನೆಯೊಳಗೆ ಒಂದು ಒಳ್ಳೆಯ ಕೆಲಸ ಸದ್ದಿಲ್ಲದೆ ನಡೆದಿತ್ತು. ಅಮೆರಿಕದ ಜನರಲ್ ಮೋಟಾರ್ಸಿನಲ್ಲಿದ್ದ ಲೀ ಹ್ಯುನ್-ಸೂನ್ ಎಂಬ ಎಂಜಿನಿಯರನ್ನು 1984ರಲ್ಲಿ ಕರೆಸಿಕೊಂಡು, ಸ್ವಂತ ಎಂಜಿನು ಮಾಡುವ ಹೊಣೆ ಕೊಟ್ಟಿದ್ದರು. 1991ರಲ್ಲಿ ‘ಆಲ್ಫಾ’ ಎಂಬ ಮೊದಲ ಸ್ವಂತ ಎಂಜಿನು ಬಂತು. ಆಮೇಲೆ ಹ್ಯುಂಡೈಯವರು ರೂಪಿಸಿದ ‘ಥೀಟಾ’ ಎಂಬ ಎಂಜಿನಿನ ವಿನ್ಯಾಸವನ್ನು ಹಿಂದೆ ಅವರಿಗೆ ಎಂಜಿನು ಕೊಟ್ಟು ಕಲಿಸಿದ್ದ ಮಿತ್ಸುಬಿಶಿಯವರೇ ಪಡೆದುಕೊಂಡರು. ಗುರುವೇ ಶಿಷ್ಯನ ಮನೆಗೆ ಪಾಠಕ್ಕೆ ಬಂದ ಹಾಗೆ. ಆದರೆ ವಿದ್ಯೆ ಬಂದರೆ ವಿಶ್ವಾಸ ತಾನಾಗಿ ಬರುವುದಿಲ್ಲ. ಹಾಲಿನಿಂದ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ.

ಅಂಥವನಿಗೆ ಧೈರ್ಯ ಹೇಳುವುದು ಹೇಗೆ? 1998ರ ಕೊನೆಯಲ್ಲಿ ಹ್ಯುಂಡೈ ಅಮೆರಿಕದಲ್ಲಿ ಒಂದು ಕಾಗದ ಬರೆದುಕೊಟ್ಟಿತು. ಎಂಜಿನು ಮತ್ತು ಚಕ್ರಕ್ಕೆ ಅದರ ಬಲ ಸಾಗಿಸುವ ಭಾಗಗಳಿಗೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿಯ ಖಾತರಿ. ಅಷ್ಟರೊಳಗೆ ಕೆಟ್ಟರೆ ದುರಸ್ತಿ ನಮ್ಮದು ಎಂಬ ವಾರಂಟಿ. ಇದು ಮಾರಾಟದ ಗಿಮಿಕ್ಕು ಎಂದವರು ಅನೇಕರು. ಗಿಮಿಕ್ಕು ಹೌದಾದರೂ ಅದರೊಳಗೊಂದು ತತ್ತ್ವವಿತ್ತು. ಅಲ್ಲಿಯವರೆಗೆ ಕಾರು ಕೆಟ್ಟರೆ ನಷ್ಟ ಕೊಂಡವನದು. ಆದ್ದರಿಂದ ಅವನ ದೂರು ಅಂಗಡಿಯ ಮೇಜಿನಾಚೆಗೆ ಹೋಗುತ್ತಿರಲಿಲ್ಲ. ಈಗ ಕೆಟ್ಟ ಒಂದೊಂದು ಕಾರಿಗೂ ಕಂಪೆನಿಯ ಗಲ್ಲಾಪೆಟ್ಟಿಗೆಯಿಂದಲೇ ಹಣ ಹೋಗಬೇಕು. ಒಡೆಯನ ನೋವು ಮಾಡುವವನ ಲೆಕ್ಕದ ಪುಸ್ತಕಕ್ಕೆ ಏರಿತು. ಆ ಕ್ಷಣದಿಂದ ಉಲ್ಸಾನಿನ ಎಂಜಿನಿಯರನಿಗೆ ದೂರದ ಟೆಕ್ಸಾಸಿನ ಗಿರಾಕಿಯ ಮಾತು ಚೆನ್ನಾಗಿ ಕೇಳಿಸತೊಡಗಿತು!

ಇದೇ ಸಮಯದಲ್ಲಿ ಅಧಿಕಾರಕ್ಕೆ ಬಂದವನು ಸ್ಥಾಪಕನ ಮಗ ಚುಂಗ್ ಮಾಂಗ್-ಕೂ. ಹಿಂದೆ ಹ್ಯುಂಡೈ ಕಾರುಗಳ ದುರಸ್ತಿಯ ಅಂಗಸಂಸ್ಥೆಯನ್ನು ನಡೆಸಿದ್ದವನು; ಕೆಟ್ಟುಬಂದ ಕಾರುಗಳನ್ನೇ ನೋಡಿ ನುರಿತವನು. ತಂದೆ ಗ್ಯಾರೇಜಿನಲ್ಲಿ ಕಲಿತದ್ದನ್ನು ಮಗ ಗ್ಯಾರೇಜಿನಿಂದಲೇ ಕಾರಖಾನೆಗೆ ಹೊತ್ತು ತಂದನೆನ್ನಬಹುದು. (ಕಂಪೆನಿಯ ಹಣವನ್ನು ದುರುಪಯೋಗ ಮಾಡಿದನೆಂದು 2007ರಲ್ಲಿ ನ್ಯಾಯಾಲಯದಿಂದ ತಪ್ಪಿತಸ್ಥನೆನಿಸಿಕೊಂಡು, 2008ರಲ್ಲಿ ಸರಕಾರದ ಕ್ಷಮೆ ಪಡೆದವನೂ ಈತನೇ, ಇತಿಹಾಸ ಒಬ್ಬನ ಒಂದೇ ಮುಖವನ್ನು ತೋರಿಸುವುದಿಲ್ಲ.) ಹೊಸ ಕಾರು ಕೊಂಡು ತೊಂಬತ್ತು ದಿನ ಕಳೆದವರನ್ನು ಕೇಳಿ, ನೂರು ಕಾರಿಗೆ ಎಷ್ಟು ದೋಷಗಳೆಂದು ಎಣಿಸುವ ಸಮೀಕ್ಷೆಯೊಂದು ಅಮೆರಿಕದಲ್ಲಿ ಪ್ರಸಿದ್ಧವಾಗಿದೆ. 2004ರ ಸಮೀಕ್ಷೆಯಲ್ಲಿ ಹ್ಯುಂಡೈ 102 ದೋಷಗಳೊಡನೆ ಹೋಂಡಾಕ್ಕೆ ಸರಿಸಮನಾಗಿ, ಟೊಯೋಟಾದ ಹಿಂದೆಯೇ ನಿಂತಿತು. ನಕ್ಕವರು ಸುಮ್ಮನಾದರು. ಸಾಲ ತೀರಲು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡಿದಿತ್ತು.

ನಮ್ಮ ದೇಶಕ್ಕೂ ಹ್ಯುಂಡೈ ಬಂದದ್ದು ಇದೇ 1998ರಲ್ಲಿ. ಬೆಂಗಳೂರಿನಿಂದ ಚೆನ್ನೈಗೆ ಹೋಗುವವರು ಶ್ರೀಪೆರಂಬುದೂರು ದಾಟಿದ ಮೇಲೆ ಹೆದ್ದಾರಿಯ ಮಗ್ಗುಲಲ್ಲಿ ಇರುಂಗಾಟ್ಟುಕೋಟೈಯ ಕಾರಖಾನೆಯನ್ನು ನೋಡಿರಬಹುದು. ಅಲ್ಲಿಂದ ಹೊರಬಿದ್ದ ಮೊದಲ ಕಾರು ಸ್ಯಾಂಟ್ರೋ. ಎತ್ತರವಾಗಿ, ನೆಟ್ಟಗೆ, ಪೆಟ್ಟಿಗೆಯಂತಿದ್ದ ಅದರ ಆಕಾರವನ್ನು ಕಂಡು ನಗದವರು ಕಡಮೆ. ‘ಈ ಕಂಪೆನಿ ಯಾವುದು? ಇಲ್ಲಿ ನಿಲ್ಲುತ್ತದೆಯೆ?’ ಎಂಬ ಅನುಮಾನವಂತೂ ಎಲ್ಲರಿಗೂ ಇತ್ತು. ಜಾಹೀರಾತಿನಲ್ಲಿ ನಟ ಶಾರುಖ್ ಖಾನ್ ಕೊರಿಯಾದ ಅಧಿಕಾರಿಯೊಬ್ಬನ ಮುಂದೆ ಇಂಥ ಅನುಮಾನಗಳನ್ನೇ ಒಂದೊಂದಾಗಿ ಎತ್ತುತ್ತಿದ್ದದ್ದು ಓದುಗರಲ್ಲಿ ಕೆಲವರಿಗೆ ನೆನಪಿದ್ದೀತು. ಗಿರಾಕಿಯ ಸಂಶಯವನ್ನು ಮುಚ್ಚದೆ ಅದನ್ನೇ ಬಂಡವಾಳ ಮಾಡಿಕೊಂಡದ್ದು ಅಮೆರಿಕದಲ್ಲಿ ಕಲಿತ ಪಾಠವಿರಬೇಕು.

ಕೊಂಡವರು ಬೇಗನೆ ಒಲಿದರು. ನಗೆಗೆ ಗುರಿಯಾದ ಎತ್ತರವೇ ಗುಣವಾಯಿತು. ಸೀರೆಯುಟ್ಟ ಅಜ್ಜಿ ಬಗ್ಗದೆ ಹತ್ತಬಹುದು, ಮಂಡಿನೋವಿನ ಅಜ್ಜ ನರಳದೆ ಇಳಿಯಬಹುದು. ಸ್ಟಿಯರಿಂಗು ಹಗುರ, ಗೇರು ಮೃದು, ಬೇಸಗೆಯಲ್ಲಿ ತಂಪು. ಊರಿನ ಸಂದಣಿಯಲ್ಲಿ ಹೊಸದಾಗಿ ಕಾರು ಕಲಿತ ಎಷ್ಟೋ ಗೃಹಿಣಿಯರಿಗೆ, ನಿವೃತ್ತಿಯ ಹಣದಲ್ಲಿ ಮೊದಲ ಕಾರು ಕೊಂಡ ಎಷ್ಟೋ ಮೇಷ್ಟರಿಗೆ ಸ್ಯಾಂಟ್ರೋ ಮನೆಯ ಸದಸ್ಯನಾಯಿತು. ಅದೇ ಕಾಲಕ್ಕೆ ಇನ್ನೊಂದು ಕೊರಿಯಾ ಕಂಪೆನಿಯಾದ ಡೇವೂ, ಪೋನಿಯ ಆಕಾರ ಬರೆದ ಜುಜಾರೋವಿನ ಸಂಸ್ಥೆಯೇ ರೂಪಿಸಿದ ‘ಮಾಟಿಜ್’ ಎಂಬ ಚೆಲುವಾದ ಕಾರನ್ನು ತಂದಿತ್ತು. 1999ರಲ್ಲಿ ತವರಿನಲ್ಲಿ ಡೇವೂ ಸಮೂಹ ಕುಸಿಯಿತು; ಇಲ್ಲಿನ ಒಡೆಯರು ಬಿಡಿಭಾಗಗಳಿಗೆ ಅಲೆಯುವಂತಾಯಿತು. ಕಾರಿನ ಚೆಲುವಿಗಿಂತ ಕಂಪೆನಿಯ ಆಯುಸ್ಸು ಮುಖ್ಯವೆಂಬುದನ್ನು ನಮ್ಮ ಮಧ್ಯಮವರ್ಗ ಹೀಗೆ ಕಲಿಯಿತು. ಸ್ಯಾಂಟ್ರೋ 2014ರ ಕೊನೆಯವರೆಗೆ ಬಾಳಿತು. 2018ರಲ್ಲಿ ಹೊಸ ರೂಪದಲ್ಲಿ ಬಂದು, 2022ರಲ್ಲಿ ಮತ್ತೆ ತೆರೆಮರೆಗೆ ಸರಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಆದರೆ ನಂಬಿಕೆ ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ಅಮೆರಿಕದಲ್ಲಿ ಮಾರಿದ ಕಾರುಗಳ ಇಂಧನದ ಲೆಕ್ಕವನ್ನು ಹೆಚ್ಚಾಗಿ ಹೇಳಿದ್ದೆವೆಂದು ಹ್ಯುಂಡೈ, ಕಿಯಾ ಕಂಪೆನಿಗಳು 2012ರಲ್ಲಿ ಒಪ್ಪಿಕೊಳ್ಳಬೇಕಾಯಿತು. 2015ರಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು. ಹೆಮ್ಮೆಯ ಥೀಟಾ ವಂಶದ ಎರಡನೆಯ ತಲೆಮಾರಿನ ಎಂಜಿನುಗಳಲ್ಲಿ, ತಯಾರಿಯ ವೇಳೆ ಉಳಿದ ಲೋಹದ ಚೂರು ಎಣ್ಣೆಯ ದಾರಿಗೆ ಅಡ್ಡ ಬಂದು, ಓಡುವ ಕಾರಿನ ಎಂಜಿನು ನಿಂತುಹೋಗುವ ಅಪಾಯ ಕಂಡುಬಂತು. ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ದುರಸ್ತಿಗೆ ಮರಳಿ ಕರೆದರು. ಕರೆದದ್ದು ಸಾಲದು, ತಡವಾಯಿತು ಎಂದು ಕಂಪೆನಿಯೊಳಗಿನ ಎಂಜಿನಿಯರನೊಬ್ಬನೇ 2016ರಲ್ಲಿ ಅಮೆರಿಕದ ಸರಕಾರಕ್ಕೆ ಕಾಗದಪತ್ರ ಒಪ್ಪಿಸಿದ. 2020ರಲ್ಲಿ ಎರಡೂ ಕಂಪೆನಿಗಳು ಸೇರಿ 21 ಕೋಟಿ ಡಾಲರಿನ ದಂಡದ ಒಪ್ಪಂದಕ್ಕೆ ಬಂದವು. ಆ ಎಂಜಿನಿಯರನಿಗೆ 2021ರಲ್ಲಿ ಅಮೆರಿಕದ ಸರಕಾರ 2.4 ಕೋಟಿ ಡಾಲರಿಗೂ ಮೀರಿದ ಬಹುಮಾನ ಕೊಟ್ಟಿತು.

ಸ್ವದೇಶದ ಗಿರಾಕಿಯ ಕೊರಗೇ ಬೇರೆ. ಒಳ್ಳೆಯ ಮಾಲನ್ನು ಹೊರದೇಶಕ್ಕೆ ಕಳಿಸಿ ನಮಗೆ ಕಡಮೆಯದನ್ನು ಕೊಡುತ್ತಾರೆ ಎಂಬ ಸಂಶಯ ಕೊರಿಯಾದವರಲ್ಲಿ ಬೇರೂರಿತ್ತು. ಹ್ಯುಂಡೈ-ಕಿಯಾ ಎಂಬ ಜೋಡಿಹೆಸರನ್ನು ಕುಗ್ಗಿಸಿ, ಸ್ವಲ್ಪ ತಿರುಚಿ, ‘ಮಾರಕಾಯುಧ’ ಎಂಬ ಅರ್ಥ ಬರುವಂತೆ ಉಚ್ಚರಿಸಿ ಅವರು ಸಿಟ್ಟು ತೀರಿಸಿಕೊಳ್ಳುತ್ತಿದ್ದರು. ಹಿಂದೆ ಸೊನಾಟಾವನ್ನು ದನದ ಕಾರೆಂದು ಕರೆದ ನಾಲಗೆಯೇ ಇದು. ಈ ಸಲ ಹರಿತ ಹೆಚ್ಚು. ಕಂಪೆನಿಯವರು 2015ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ತಯಾರಾದ ಒಂದು ಸೊನಾಟಾ, ಕೊರಿಯಾದಲ್ಲಿ ತಯಾರಾದ ಒಂದು ಸೊನಾಟಾ, ಎರಡನ್ನೂ ತಂದು, ಜನರ ಕಣ್ಣೆದುರಿನಲ್ಲೇ ಮುಖಾಮುಖಿ ಡಿಕ್ಕಿ ಹೊಡೆಸಿದರು. ಎರಡಕ್ಕೂ ಭೇದವಿಲ್ಲವೆಂದು ತೋರಿಸುವುದು ಉದ್ದೇಶ. ತನ್ನ ಕಾರನ್ನು ತಾನೇ ಒಡೆದು ಸತ್ಯಪ್ರಮಾಣ ಮಾಡಬೇಕಾಗಿ ಬಂದ ಮಾಲೀಕನ ಪಾಡನ್ನು ನೆನೆದರೆ, ಕಳೆದ ನಂಬಿಕೆಯ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಇನ್ನು ನಮ್ಮ ಮಾತು. ನಮ್ಮಲ್ಲಿ ಹೊಸ ಕಾರು ಮನೆಗೆ ಬಂದು ನಿಂಬೆಹಣ್ಣಿನ ಮೇಲೆ ಚಕ್ರ ಹರಿದ ಮೇಲೆ ಪಕ್ಕದ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಲೀಟರಿಗೆ ಎಷ್ಟು ಕೊಡುತ್ತದೆ?’ ಎಂಬುದು. ಎರಡನೆಯದು, ‘ಮಾರಿದರೆ ಎಷ್ಟು ಬರುತ್ತದೆ?’ ಗುದ್ದಿಕೊಂಡರೆ ಒಳಗಿದ್ದವರ ಗತಿಯೇನು ಎಂದು ಕೇಳುವುದು ಅಮಂಗಳ. 2014ರ ಜನವರಿಯಲ್ಲಿ ಭಾರತದ ಐದು ಜನಪ್ರಿಯ ಕಾರುಗಳ ಅಗ್ಗದ ಮಾದರಿಗಳನ್ನು ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಡಿಕ್ಕಿಯ ಪರೀಕ್ಷೆಗೆ ಒಡ್ಡಿತು. ಗಂಟೆಗೆ 64 ಕಿಲೋಮೀಟರಿನ ವೇಗ. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೆ ಐದೂ ಸೊನ್ನೆ ನಕ್ಷತ್ರ ಪಡೆದವು. ಅವುಗಳಲ್ಲಿ ಹ್ಯುಂಡೈಯ ಐ-10 ಒಂದು, ಮಾರುತಿ, ಟಾಟಾ, ಫೋರ್ಡ್, ಫೋಕ್ಸ್‌ವ್ಯಾಗನ್ ಕಂಪೆನಿಗಳವು ಉಳಿದವು. ಗಾಳಿಚೀಲವೆಂಬ ಏರ್‌ಬ್ಯಾಗು ಆ ಮಾದರಿಗಳಲ್ಲಿ ಇರಲೇ ಇಲ್ಲ. ಮಾಡುವವರಿಗೆ ತಿಳಿಯದೆಂದಲ್ಲ, ನಾವು ಕೇಳಿರಲಿಲ್ಲ, ಕಾನೂನೂ ಕೇಳಿರಲಿಲ್ಲ.

ಆಮೇಲೆ ಕೇಳತೊಡಗಿದೆವು. 2019ರ ಜುಲೈಯಿಂದ ಚಾಲಕನ ಮುಂದೆ ಏರ್‌ಬ್ಯಾಗು ಕಡ್ಡಾಯವಾಯಿತು. ಆ ವರ್ಷದ ಪರೀಕ್ಷೆಯಲ್ಲಿ ಹೊಸ ಸ್ಯಾಂಟ್ರೋ ಎರಡು ನಕ್ಷತ್ರ ಪಡೆಯಿತು. 2023ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆಯ ಪರೀಕ್ಷೆಯಲ್ಲಿ ಹ್ಯುಂಡೈಯ ವೆರ್ನಾ ಐದು ನಕ್ಷತ್ರ ಗಳಿಸಿತು. ಇಲ್ಲಿ ಮಾರುವ ತನ್ನ ಎಲ್ಲ ಕಾರುಗಳಿಗೂ ಆರು ಏರ್‌ಬ್ಯಾಗು ಹಾಕುವೆನೆಂದು ಕಂಪೆನಿ ಸಾರಿತು. ಸೊನ್ನೆಯಿಂದ ಐದಕ್ಕೆ ಬರಲು ಬೇಕಾದದ್ದು ಹತ್ತು ವರ್ಷ. ಆ ಹತ್ತು ವರ್ಷದಲ್ಲಿ ಉಲ್ಸಾನಿನ ವಿದ್ಯೆ ಬೆಳೆದದ್ದಕ್ಕಿಂತ ನಮ್ಮ ಪ್ರಶ್ನೆ ಬೆಳೆದದ್ದು ಹೆಚ್ಚು.

ಒಂದೇ ಕಂಪೆನಿ; ಟ್ಯಾಕ್ಸಿಯವರು ತಿರುಗಿಬಿದ್ದಾಗ ಪೋನಿ ಬಂತು, ಅಮೆರಿಕದವರು ನಕ್ಕಾಗ ಹತ್ತು ವರ್ಷದ ವಾರಂಟಿ ಬಂತು, ನಾವು ಕೇಳಿದ ಮೇಲೆ ಏರ್‌ಬ್ಯಾಗು ಬಂತು. ಮಾಡುವವನು ಜಾಣ, ಕೊಳ್ಳುವವನು ಎಷ್ಟು ಕೇಳುತ್ತಾನೋ ಅಷ್ಟನ್ನೇ ಅಳೆದು ಕೊಡುತ್ತಾನೆ. ಕಾರು ನೋಡಲು ಅಂಗಡಿಗೆ ಹೋದಾಗ ಮಾರುವವನು ಬಾಗಿಲು ತೆರೆದು, ಹಾಡಿನ ಪೆಟ್ಟಿಗೆಯನ್ನೂ ಬಣ್ಣದ ಪರದೆಯನ್ನೂ ತೋರಿಸುತ್ತಾನೆ. ಅವನ್ನು ನೋಡಿ ಸಂತೋಷಪಡಬೇಕಾದದ್ದೇ. ಆದರೆ ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳ ಪರವಾಗಿ ಒಂದು ಪ್ರಶ್ನೆಯನ್ನು ಕೇಳಿಯೇ ಹಣ ಎಣಿಸುವುದು ಒಳ್ಳೆಯದು.